ಬಾನೆಟ್ಟಿನೊಳಗಿನ ಇಂಜಿನ್, ಆರ್‌ಸಿ ಪುಸ್ತಕದ ಇಂಜಿನ್

ನಿಪ್ಪಾಣಿ ಎಂಬ ಹೆಸರು ನಮ್ಮ ಬ್ಯಾರಿ ಮನೆಗಳಿಗೆ ಹೊಸತಲ್ಲ. ಮೊರದಲ್ಲಿ ಎಲೆ, ತಂಬಾಕಿನ ಹುಡಿ, ನೂಲು ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಿದ ತಾಯಂದಿರಿಗೆ ಆ ಊರನ್ನು ನೋಡದಿದ್ದರೂ ಅದರ ವಾಸನೆ ಗೊತ್ತು. ಈಗ ನಮ್ಮ ಯುವಕರ ಬಾಯಲ್ಲಿ ಆ ಕಡೆಯ ಊರುಗಳ ಹೆಸರು ಬೇರೆ ಕಾರಣಕ್ಕೆ ಕೇಳಿಬರುತ್ತಿದೆ. ಹಳೆಯ ಜೀಪು! ಚಿಕ್ಕೋಡಿಯಲ್ಲಿ ಒಂದು ಇದೆಯಂತೆ, ಅಥಣಿಯಲ್ಲಿ ಒಬ್ಬರು ಕೊಡುತ್ತಾರಂತೆ, ಕಾಗವಾಡದ ಗದ್ದೆಯೊಂದರ ಬದಿಯಲ್ಲಿ ತುಕ್ಕು ಹಿಡಿದು ನಿಂತಿದೆಯಂತೆ. ತಂದು ಮನೆಯಂಗಳದಲ್ಲೇ ರಿಪೇರಿ ಮಾಡಿ, ಒಳ್ಳೆಯ ಇಂಜಿನ್ ಕೂರಿಸಿ, ಘಟ್ಟ ಹತ್ತಿಸುವ ಆಸೆ.

ಆಸೆ ತಪ್ಪಲ್ಲ. ಚಾರ್ಮಾಡಿ, ಸುಬ್ರಹ್ಮಣ್ಯ, ಸಕಲೇಶಪುರದ ಕಡೆ ತೋಟ ಇದ್ದವರಿಗೆ ಜೀಪು ಶೋಕಿಯಲ್ಲ, ಅಗತ್ಯ. ಆದರೆ ಇಂಜಿನ್ ಬದಲಿಸುವ ವಿಷಯದಲ್ಲಿ ನಮ್ಮ ಹುಡುಗರು ಅರ್ಧ ಮಾತ್ರ ಯೋಚಿಸುತ್ತಾರೆ ಎಂದು ನನಗೆ ಕಂಡದ್ದು ಹೋದ ವರ್ಷ ನಿಪ್ಪಾಣಿಗೆ ಹೋದಾಗ. ನನ್ನ ಬಳಿ ಮದ್ರಸ ಕಲಿತ ಹುಡುಗ, ಈಗ ಎರಡು ಮಕ್ಕಳ ತಂದೆ, ಅಲ್ಲಿ ಹೆದ್ದಾರಿ ಬದಿಯಲ್ಲಿ ಬೇಕರಿ ಇಟ್ಟಿದ್ದಾನೆ. ಬಾಡಿಗೆ ಮನೆಯ ಹಿಂದೆ ಬೇವಿನ ಮರದ ಕೆಳಗೆ ಅವನ ಜೀಪು. ರಾಯಬಾಗ ಕಡೆಯ ರೈತರೊಬ್ಬರಿಂದ ಕೊಂಡದ್ದು. ಆರ್‌ಸಿಯಲ್ಲಿ 1971ರ ಮಾಡೆಲ್, ಪೆಟ್ರೋಲ್. ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಇಂಜಿನ್! ಯಾರು, ಯಾವಾಗ ಕೂರಿಸಿದರೋ ಮಾರಿದವರಿಗೂ ನೆನಪಿಲ್ಲ. ಅದನ್ನೂ ತೆಗೆದು ಗುಜರಿ ಬೊಲೆರೋದ ಇಂಜಿನ್ ಹಾಕಬೇಕೆಂದು ಅವನ ಲೆಕ್ಕಾಚಾರ. ಜೀಪು ಅವನಿಗಲ್ಲ, ಊರಲ್ಲಿ ಘಟ್ಟದ ಬುಡದಲ್ಲಿ ತೋಟ ನೋಡಿಕೊಳ್ಳುವ ಅಣ್ಣನಿಗೆ. ಅಂದರೆ ಅದರಲ್ಲಿ ಕೂರುವವರು ಅಣ್ಣನ ಮಕ್ಕಳು, ತೋಟದ ಕೆಲಸದವರು.

ಈ ಐದು ತಾಲೂಕುಗಳಲ್ಲಿ ಜೀಪು ಯಾಕೆ ಎಂದು ಕೇಳಬೇಡಿ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಬಯಲು. ಕಬ್ಬಿನ ನಾಡು. ಎರೆಮಣ್ಣಿಗೆ ಒಂದು ಮಳೆ ಬಿದ್ದರೆ ಸಾಕು, ಚಕ್ರ ಹೂತುಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಅಲ್ಲಿ ಬೆಲೆ ಇತ್ತು. ಈಗ ಆ ಕೆಲಸ ಟ್ರ್ಯಾಕ್ಟರ್ ಮಾಡುತ್ತದೆ, ಜೀಪು ಮೂಲೆ ಸೇರಿದೆ.

ಜೀಪಿನ ಕಂಪನಿಯ ಕತೆಯಲ್ಲಿ ನಮ್ಮ ಓದುಗರಿಗೆ ಆಸಕ್ತಿ ಹುಟ್ಟಿಸುವ ಸಂಗತಿಯೊಂದಿದೆ. ಇವತ್ತಿನ ಮಹೀಂದ್ರಾ ಆಂಡ್ ಮಹೀಂದ್ರಾ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರಾ ಆಂಡ್ ಮೊಹಮ್ಮದ್. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮುಹಮ್ಮದ್. ವಿಭಜನೆಯ ಸಮಯದಲ್ಲಿ ಅವರು ಪಾಕಿಸ್ತಾನಕ್ಕೆ ಹೋದರು, ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು. ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪುಗಳ ಬಿಡಿಭಾಗ ತರಿಸಿ ಇಲ್ಲಿ ಜೋಡಿಸುತ್ತ ಬಂದವರು ಆಮೇಲೆ ಇಲ್ಲೇ ತಯಾರಿಸಿದರು.

ನಾವು ಸಾಮಾನ್ಯವಾಗಿ ನೋಡುವ ಎತ್ತರ ಬಾನೆಟ್ಟಿನ ಜೀಪು ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂತು. ಆ ಎತ್ತರಕ್ಕೂ ಇಂಜಿನ್ನೇ ಕಾರಣ. ಯುದ್ಧಕಾಲದ ಜೀಪಿನಲ್ಲಿ ಎರಡೂ ವಾಲ್ವುಗಳು ಬ್ಲಾಕಿನ ಬದಿಯಲ್ಲೇ ಇದ್ದವು. ಬಲ ಹೆಚ್ಚಿಸಲು, ಗಾಳಿ-ಪೆಟ್ರೋಲು ಒಳಬರುವ ವಾಲ್ವನ್ನು ಮೇಲೆ ಹೆಡ್ಡಿಗೆ ತಂದು 'ಹರಿಕೇನ್' ಇಂಜಿನ್ ಮಾಡಿದರು. 2.2 ಲೀಟರ್, ನಾಲ್ಕು ಸಿಲಿಂಡರ್. ಇಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು! ಮುಂದೆ ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಮಹೀಂದ್ರಾದವರೇ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಮೊದಲು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಇಂಜಿನ್, ಆಮೇಲೆ ಫ್ರಾನ್ಸಿನ ಪ್ಯೂಜೋ ಕಂಪನಿಯ 2112 ಸಿಸಿ ಡೀಸೆಲ್. ಕಂಪನಿ ಮಾಡಿದರೆ ಅದು ಹೊಸ ಮಾಡೆಲ್. ಪುಸ್ತಕದಲ್ಲೂ ಹಾಗೇ ಬರೆದಿರುತ್ತದೆ. ಮರದ ಕೆಳಗೆ ನಾವು ಮಾಡಿದರೆ ಪುಸ್ತಕದಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು.

ಹುಡುಗನ ಜೀಪಿನಲ್ಲಿ ಇದ್ದದ್ದು ಆ ಟ್ರ್ಯಾಕ್ಟರ್ ವಂಶದ್ದೇ. ಅಲ್ಲಿನ ಮಿಸ್ತ್ರಿಗಳಿಗೆ ಅದು ನೀರು ಕುಡಿದಷ್ಟು ಸುಲಭ. ಆ ಭಾಗದಲ್ಲಿ ಕಬ್ಬಿಣದ ವಿದ್ಯೆಗೆ ಹಳೆಯ ಬೇರಿದೆ. ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ, ಅಲ್ಲಿ ಎರಕದ ಕಾರ್ಖಾನೆಗಳು, ಲೇಥ್ ಅಂಗಡಿಗಳು ಸಾಲುಸಾಲು. ನಮ್ಮೂರಲ್ಲಿ ವಾರಗಟ್ಟಲೆ ಕಾಯಬೇಕಾದ ಕೆಲಸ ಅಲ್ಲಿ ಬೇಗ ಆಗುತ್ತದೆ. ಹಾಗಾಗಿಯೇ ಹುಡುಗರಿಗೆ ಧೈರ್ಯ.

ಕೆಲಸ ಮಾತ್ರ ಹೇಳಿದಷ್ಟು ಸುಲಭವಲ್ಲ. ನಾನು ಮೂರು ದಿನ ಅಲ್ಲೇ ಕುರ್ಚಿ ಹಾಕಿ ಕೂತು ಮಿಸ್ತ್ರಿಯನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಬೇರೆ ಇಂಜಿನ್ ಬಂದರೆ ಮೊದಲ ಜಗಳ ಗೇರ್‌ಬಾಕ್ಸಿನ ಜೊತೆ. ಎರಡರ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ದಪ್ಪ ಪ್ಲೇಟೊಂದನ್ನು ಲೇಥಿನಲ್ಲಿ ಕೊರೆಸಬೇಕು. ಇಂಜಿನ್ನಿನ ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸಿನ ಶಾಫ್ಟು ಒಂದೇ ಗೆರೆಯಲ್ಲಿ ಕೂರಬೇಕು. ಕೂದಲೆಳೆ ಓರೆಯಾದರೂ ಕ್ಲಚ್ ಪ್ಲೇಟು, ಬೇರಿಂಗ್ ಬೇಗ ತಿಂದುಹೋಗುತ್ತದೆ. ಮತ್ತೆ ಇಂಜಿನ್ ಕೂರುವ ಮೌಂಟುಗಳನ್ನು ಚಾಸಿಗೆ ವೆಲ್ಡ್ ಮಾಡಬೇಕು. ಹಳ್ಳ ಹಾರುವಾಗ ಮುಂದಿನ ಆಕ್ಸಲ್ ಮೇಲೆ ಬರುತ್ತದೆ, ಅದು ಇಂಜಿನ್ನಿನ ಆಯಿಲ್ ಚೇಂಬರಿಗೆ ಬಡಿಯದ ಹಾಗೆ ಜಾಗ ಬಿಡಬೇಕು. ಸ್ಟೇರಿಂಗ್ ಬಾಕ್ಸಿಗೆ ತಾಗಬಾರದು, ರೇಡಿಯೇಟರ್ ಫ್ಯಾನಿಗೆ ತಾಗಬಾರದು. ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋದರೆ ಕಾಯಿಲ್, ಡಿಸ್ಟ್ರಿಬ್ಯೂಟರ್ ಬೇಡ, ಆದರೆ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸು ಹೋಗುವ ಪೈಪು ಬೇಕು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಎರಡು ವಿಷಯ ಉಳಿಯುತ್ತದೆ. ಹಳೆಯ ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಕೆಸರಿಗೆ, ಏರಿಗೆ ಇದು ಬಹಳ ಒಳ್ಳೆಯದು. ಹೆದ್ದಾರಿಯಲ್ಲಿ ಇಂಜಿನ್ ಕಿರುಚುತ್ತದೆ. ಎರಡನೆಯದು ಇನ್ನೂ ಮುಖ್ಯ: ಇಂಜಿನ್ ಭಾರವಾಯಿತು, ಬಲ ಹೆಚ್ಚಾಯಿತು, ಆದರೆ ಬ್ರೇಕು ಅದೇ ಹಳೆಯ ಡ್ರಮ್, ಮುಂದಿನ ಸ್ಪ್ರಿಂಗ್ ಪ್ಲೇಟು ಅದೇ ಹಳೆಯದು. ಓಡಿಸುವ ಶಕ್ತಿ ಕೂಡಿಸಿ ನಿಲ್ಲಿಸುವ ಶಕ್ತಿ ಕೂಡಿಸದೆ ಘಟ್ಟ ಇಳಿಯುವುದು ಯಾವ ಬುದ್ಧಿವಂತಿಕೆ ಮಾರಾಯ್ರೆ? ಮನೆಯಲ್ಲಿ ಜೀಪು ಕಟ್ಟುವವರು ಹಣವನ್ನು ಮೊದಲು ಬ್ರೇಕು, ಸ್ಟೇರಿಂಗ್, ಚಾಸಿಯ ತುಕ್ಕಿಗೆ ಹಾಕಲಿ. ಇಂಜಿನ್ ಆಮೇಲೆ. ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಇಂಜಿನ್ ಎತ್ತುವುದನ್ನೂ ಕಂಡೆ. ಕೊಂಬೆಗೆ ಹೆದರಿದ್ದು ನಾನೊಬ್ಬನೇ. ದಪ್ಪ ಕಬ್ಬಿಣದ ಕಂಬ ನಿಲ್ಲಿಸಿ ಎತ್ತುವುದು ಲೇಸು, ಕೆಳಗೆ ಯಾರೂ ನಿಲ್ಲಬಾರದು.

ನಡುವೆ ಹುಡುಗ ಕೇಳಿದ ಪ್ರಶ್ನೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. "ಉಸ್ತಾದ್, ಕೈಯ ಗ್ರೀಸ್ ಪೂರ್ತಿ ಹೋಗುವುದಿಲ್ಲ, ವುಝೂ ಆಗುತ್ತದಾ?" ಬಣ್ಣ ಮಾತ್ರ ಉಳಿದಿದ್ದರೆ ತೊಂದರೆಯಿಲ್ಲ. ಚರ್ಮಕ್ಕೆ ನೀರು ತಾಗದ ಹಾಗೆ ಪದರವಾಗಿ ಕೂತಿದ್ದರೆ, ಪೇಂಟ್ ಅಥವಾ ದಪ್ಪ ಗ್ರೀಸ್, ಅದನ್ನು ತೆಗೆಯಲೇಬೇಕು. ಉಗುರಿನ ಬುಡ ನೋಡಿಕೊಳ್ಳಿ. ಕೆಲಸಕ್ಕೆ ಮುಂಚೆ ಕೈಗೆ ತೆಂಗಿನೆಣ್ಣೆ ಹಚ್ಚಿದರೆ ಗ್ರೀಸ್ ಸೋಪಿಗೆ ಬೇಗ ಬಿಡುತ್ತದೆ.

ಇನ್ನು ಪುಸ್ತಕದ ವಿಷಯ. ಬೊಲೆರೋ ಇಂಜಿನ್ ಕೂರಿಸಿ ಕೊಡಲು ಮಿಸ್ತ್ರಿ ತಯಾರಿದ್ದ. ಆದರೆ ಒಂದು ಮಾತು ಹೇಳಿದ: "ಗಾಡ್ಯಾಗ ಕೂಡಸೂದು ನನ್ನ ಕೆಲಸರಿ ಸಾಹೇಬ್ರ. ಪುಸ್ತಕದಾಗ ಕೂಡಸೂದು ನಿಮ್ಮ ಕೆಲಸ." ಆ ಮನುಷ್ಯನ ಪ್ರಾಮಾಣಿಕತೆಗೆ ಸಲಾಂ ಹೇಳಬೇಕು.

ಕಾನೂನು ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾಲಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಬದಲಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಟ್ಟ ಇಂಜಿನ್ ತೆಗೆದು ಅದೇ ಕಂಪನಿಯ, ಅದೇ ಜಾತಿಯ ಇಂಜಿನ್ ಹಾಕುವುದು ಬೇರೆ ವಿಷಯ. ಅದಕ್ಕೆ ಆರ್‌ಟಿಒ ಅನುಮತಿ ಪಡೆದು, ಕೆಲಸ ಮುಗಿದ 14 ದಿನದೊಳಗೆ ಆರ್‌ಸಿ ಕೊಟ್ಟು ಹೊಸ ನಂಬರನ್ನು ದಾಖಲಿಸಿಕೊಳ್ಳಬೇಕು. ಇಂಜಿನ್ ಕೊಂಡ ಬಿಲ್ಲು ಇಲ್ಲದೆ ಇದು ಆಗುವುದಿಲ್ಲ. ಯಾವುದೋ ಕಳವಾದ ಗಾಡಿಯ ಇಂಜಿನ್ ನಿಮ್ಮ ಅಂಗಳಕ್ಕೆ ಬಂದಿಲ್ಲ ಎನ್ನುವುದಕ್ಕೂ ಆ ಬಿಲ್ಲೇ ಸಾಕ್ಷಿ.

ದಂಡ ದೊಡ್ಡ ವಿಷಯವಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಚಾಸಿ ನಂಬರು, ಇಂಜಿನ್ ನಂಬರು ಎರಡೂ ಬರೆದಿರುತ್ತದೆ. ಗಾಡಿಯಲ್ಲಿ ಇರುವುದು ಬೇರೆ ಎಂದಾದರೆ ಅಪಘಾತದ ದಿನ ಕಂಪನಿಗೆ ತಕರಾರು ತೆಗೆಯಲು ದಾರಿ ಸಿಕ್ಕಿತು. ಕೋರ್ಟು ನಿಗದಿ ಮಾಡಿದ ಪರಿಹಾರ ಕಡೆಗೆ ಮಾಲಕನ ತಲೆಗೆ ಬಂದರೆ? ಅದು ಸಾಲ. ಮನುಷ್ಯ ತೀರಿಕೊಂಡರೆ ಅವನ ಆಸ್ತಿ ಹಂಚುವ ಮೊದಲು ತೀರಬೇಕಾದ ಸಾಲ. ಮಕ್ಕಳ ಪಾಲಿನಿಂದ ಹೋಗುವ ಹಣ ಅದು. ಇದನ್ನು ನಾನು ಹೇಳಿದ ಮೇಲೆಯೇ ಹುಡುಗ ಸ್ಪಾನರ್ ಕೆಳಗಿಟ್ಟದ್ದು.

ಗಡಿಯ ಊರಾದ್ದರಿಂದ ಇನ್ನೊಂದು ತೊಡಕು ಇದೆ. ಅಲ್ಲಿ ಕೆಎ-23 ಚಿಕ್ಕೋಡಿ ಗಾಡಿಯ ಪಕ್ಕದಲ್ಲೇ ಎಂಎಚ್-09 ಕೊಲ್ಲಾಪುರದ್ದು, ಎಂಎಚ್-10 ಸಾಂಗ್ಲಿಯದ್ದು ಓಡುತ್ತದೆ. ಮಹಾರಾಷ್ಟ್ರದ ಜೀಪು ಅಗ್ಗಕ್ಕೆ ಸಿಕ್ಕಿತೆಂದು ಮಂಗಳೂರಿಗೆ ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರು ಬೇಕು, ತೆರಿಗೆ ಕಟ್ಟಬೇಕು. ಕೊಳ್ಳುವಾಗಲೇ ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ಈ ಜೀಪಿನದ್ದು ಮಾರಿದವರ ತೀರಿಕೊಂಡ ತಂದೆಯ ಹೆಸರಲ್ಲಿತ್ತು! ಮೊದಲು ವಾರಸುದಾರರ ಹೆಸರಿಗೆ, ಆಮೇಲೆ ಇವನ ಹೆಸರಿಗೆ. ಅಕ್ಕತಂಗಿಯರ ಒಪ್ಪಿಗೆಯ ಸಹಿಗೆ ಇವನು ರಾಯಬಾಗಕ್ಕೆ ನಾಲ್ಕು ಸಲ ಅಲೆದ. ಅದು ಒಳ್ಳೆಯದೇ, ಅವರ ಹಕ್ಕು ಅವರಿಗೆ ತಲುಪಿತು.

ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2021ರಲ್ಲಿ ಬಂದ ನಿಯಮ, ನಂಬರಿನಲ್ಲಿ 'ವಿಎ' ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಸಿಂಧು. ಆದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕು. ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ತೋಟಕ್ಕೆ ಹೋಗುವ ಅಣ್ಣನಿಗೆ ಅದರಿಂದೇನು ಪ್ರಯೋಜನ?

ರಿಪೇರಿ ಮಾಡಿ ಮಾರುವವರಿಗೂ ಎರಡು ಮಾತಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಪ್ರವಾದಿ ಮುಹಮ್ಮದ್ (ಸ.ಅ.) ಅವರ ಬೆರಳಿಗೆ ಒದ್ದೆ ತಾಗಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆಯನ್ನು ಜನ ನೋಡುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಆ ವ್ಯಾಪಾರಿಯನ್ನು ಕೇಳಿದ್ದರು. ಹೊಳೆಯುವ ಪೇಂಟಿನ ಅಡಿಯಲ್ಲಿ ಹೊಂದದ ಇಂಜಿನ್ ನಂಬರು ಅಡಗಿಸಿ ಮಾರುವುದೂ ಅದೇ ಒದ್ದೆ ಧಾನ್ಯ. ಮುಚ್ಚಿಟ್ಟ ದೋಷ ಆಮೇಲೆ ಕಂಡರೆ ಕೊಂಡವನಿಗೆ ಗಾಡಿ ಹಿಂತಿರುಗಿಸುವ ಹಕ್ಕಿದೆ ಎನ್ನುತ್ತದೆ ನಮ್ಮ ಫಿಕ್ಹ್. ಇನ್ನು, ಮಾರಿ ಹಣ ತೆಗೆದುಕೊಂಡು ಆರ್‌ಸಿ ವರ್ಗಾಯಿಸದೆ ಬಿಟ್ಟರೆ ಅಪಘಾತದ ಹೊಣೆ ಪುಸ್ತಕದಲ್ಲಿ ಹೆಸರಿದ್ದವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಝಕಾತಿನ ವಿಷಯ ಹಲವರು ಕೇಳುತ್ತಾರೆ. ಸ್ವಂತ ಉಪಯೋಗದ ಜೀಪಿಗೆ ಝಕಾತಿಲ್ಲ, ಎಷ್ಟೇ ಬೆಲೆಯದ್ದಾಗಲಿ. ಕೊಳ್ಳುವಾಗಲೇ ಮಾರುವ ನಿಯ್ಯತ್ ಇದ್ದರೆ ನಮ್ಮ ಶಾಫಿಈ ಮದ್ಹಬಿನಂತೆ ಅದು ವ್ಯಾಪಾರದ ಸರಕು. ವರ್ಷ ತುಂಬಿದ ದಿನದ ಬೆಲೆ ನಿಸಾಬ್ ಮುಟ್ಟಿದರೆ ಶೇ. 2.5 ಕೊಡಬೇಕು.

ಹುಡುಗ ಬೊಲೆರೋ ಇಂಜಿನ್ ಬಿಟ್ಟ. ಮಿರಜದ ಗುಜರಿಯಲ್ಲಿ ಹಳೆಯ ಹರಿಕೇನ್ ಪೆಟ್ರೋಲ್ ಇಂಜಿನ್ನೊಂದು ಬಿಲ್ಲಿನ ಸಮೇತ ಸಿಕ್ಕಿತು. ಕೊಲ್ಲಾಪುರದಲ್ಲಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ. ಗೇರ್‌ಬಾಕ್ಸಿಗೆ ಯಾವ ಪ್ಲೇಟೂ ಬೇಕಾಗಲಿಲ್ಲ, ಹುಟ್ಟಿದ ಜಾಗಕ್ಕೆ ತಾನಾಗಿ ಕೂತಿತು. ಪೆಟ್ರೋಲ್ ಕುಡಿಯುತ್ತದೆ ಎಂದು ಅಣ್ಣನ ಗೊಣಗಾಟ ಇದ್ದೇ ಇದೆ. ಬ್ರೇಕು ನಾಲ್ಕೂ ಹೊಸತು. ಅವಧಿ ಮುಗಿದ ಆರ್‌ಸಿಯ ನವೀಕರಣಕ್ಕೂ ಹೊಸ ಇಂಜಿನ್ ನಂಬರಿಗೂ ಒಟ್ಟಿಗೇ ಅರ್ಜಿ ಕೊಟ್ಟಿದ್ದಾನೆ, ಇನ್‌ಸ್ಪೆಕ್ಟರರ ತಪಾಸಣೆಯ ದಿನ ಕಾಯುತ್ತಿದ್ದಾನೆ. ತೆಗೆದ ಡೀಸೆಲ್ ಇಂಜಿನ್ನನ್ನು ಚಿಕ್ಕೋಡಿ ಕಡೆಯ ಕಬ್ಬಿನ ರೈತರೊಬ್ಬರು ಒಯ್ದರು, ಅವರ ಹಳೆಯ ಬಿ-275 ಟ್ರ್ಯಾಕ್ಟರಿಗೆ ಅದರ ಬಿಡಿಭಾಗಗಳು ಬೇಕಿದ್ದವಂತೆ.