ಮೊದಲು ಸ್ಟಾರ್ಟ್, ಆಮೇಲೆ ಎಣ್ಣೆ: ಅಪ್ಪನ ಹಳೇ ಬಿಎಸ್‌ಎ ಕಲಿಸಿದ ಪಾಠ

ಕಳೆದ ಬೇಸಿಗೆಯ ಒಂದು ಭಾನುವಾರ. ಬೆಳಿಗ್ಗೆ ಎಂಟು ಗಂಟೆಗೆ ಅಮ್ಮನ ಫೋನ್. "ಗಾಬರಿ ಆಗ್ಬೇಡ, ನಿಮ್ಮಪ್ಪ ತಳಕಿನ ಹತ್ರ ಗಾಡಿಯಿಂದ ಬಿದ್ದಿದ್ದಾರೆ. ಮೊಣಕಾಲು ತರಚಿದೆ, ಅಷ್ಟೆ."

ಗಾಬರಿ ಆಗ್ಬೇಡ ಅಂದ ಮೇಲೇ ಅಲ್ವಾ ಗಾಬರಿ ಆಗೋದು? ಸಿಕ್ಕ ಬಸ್ಸು ಹತ್ತಿ ಬೆಂಗಳೂರಿನಿಂದ ಚಳ್ಳಕೆರೆಗೆ ಹೋದೆ. ಅಪ್ಪ ಜಗಲಿ ಮೇಲೆ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದರು. "ಏನೂ ಆಗಿಲ್ಲ ಕಣೋ, ಹಿಂದಿನ ಚಕ್ರ ಸ್ವಲ್ಪ ಜಾರಿತು" ಅಂದರು. ನಾನು ಹೋಗಿ ಗಾಡಿ ನೋಡಿದೆ. ಹಿಂದಿನ ಟೈರಿನ ಒಂದು ಪಕ್ಕ ಪೂರ್ತಿ ಎಣ್ಣೆ. ಕೈ ಇಟ್ಟರೆ ಜಾರುತ್ತಿತ್ತು.

ಅಪ್ಪನಿಗೆ ಎಪ್ಪತ್ತೊಂದು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಅಕ್ಕ, ಅಂದ್ರೆ ನಮ್ಮ ಅತ್ತೆ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಸೇರಿದವರು. ಮಾವ ಹೋದ ಮೇಲೆ ಹದಿನೈದು ದಿನಕ್ಕೊಮ್ಮೆ ಅಕ್ಕನನ್ನು ನೋಡಿಬರುವುದು ಅಪ್ಪನ ಪದ್ಧತಿ. ಬಸ್ಸಿದೆ, ನನ್ನ ತಮ್ಮನ ಸ್ಕೂಟರ್ ಇದೆ. ಆದರೂ ಅವರಿಗೆ ತಾತನ ಬಿಎಸ್‌ಎ ಗಾಡಿಯೇ ಆಗಬೇಕು.

ಅವತ್ತು ರಾತ್ರಿ ಮನೆಯಲ್ಲಿ ಸಣ್ಣ ಪಂಚಾಯ್ತಿಯೇ ನಡೆಯಿತು. ತಮ್ಮ, "ಮಾರಿಬಿಡೋಣ, ಒಳ್ಳೇ ರೇಟು ಬರುತ್ತೆ" ಅಂದ. ಅಮ್ಮ ಮಾತಾಡಲಿಲ್ಲ. ಅಪ್ಪನೂ ಮಾತಾಡಲಿಲ್ಲ, ಎದ್ದು ಹೋಗಿ ಮಲಗಿಬಿಟ್ಟರು. ಅವರು ಹಾಗೆ ಊಟ ಬಿಟ್ಟು ಎದ್ದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಣ್ಣೆ ಯಾಕೆ ಸೋರಿತು ಅಂತ ಮೊದಲು ತಿಳಿಯೋಣ, ಮಾರೋ ಮಾತು ಆಮೇಲೆ ಅಂದೆ.

ಮೇಲೆ ಟ್ಯಾಂಕು, ಕೆಳಗೆ ಸಂಪು

ನಮ್ಮದು ಬಿಎಸ್‌ಎ ಎಂ20. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು, 496 ಸಿಸಿ, ಒಂದೇ ಸಿಲಿಂಡರ್. 1937ರಲ್ಲಿ ಶುರುವಾದ ಮಾದರಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಸುಮಾರು 1,26,000 ಗಾಡಿಗಳು ಹೊರಬಂದವು ಅನ್ನುತ್ತಾರೆ. ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಇಂಥ ಗಾಡಿಗಳು ನಮ್ಮ ದೇಶದ ಎಷ್ಟೋ ಊರು ಸೇರಿದವು. ಚಳ್ಳಕೆರೆ ಆಗ ಶೇಂಗಾ ಎಣ್ಣೆ ವಹಿವಾಟಿನಲ್ಲಿ ಎರಡನೇ ಬಾಂಬೆ ಅನ್ನಿಸಿಕೊಂಡಿದ್ದ ಊರು. ಮಿಲ್ಲಿನ ಸಾಹುಕಾರರೊಬ್ಬರ ಹತ್ತಿರ ಇದ್ದ ಗಾಡಿಯನ್ನು, ಅದೇ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ತಾತ ಕಂತಿನಲ್ಲಿ ಕೊಂಡರಂತೆ.

ಇಂದಿನ ಬಹುತೇಕ ಬೈಕುಗಳಲ್ಲಿ ಎಣ್ಣೆ ಎಂಜಿನ್ ತಳದಲ್ಲೇ ಇರುತ್ತದೆ. ಎಂ20ಯಲ್ಲಿ ಹಾಗಲ್ಲ. ಸೀಟಿನ ಕೆಳಗೆ ಎಣ್ಣೆಗೇ ಬೇರೆ ಟ್ಯಾಂಕಿದೆ. ಅಲ್ಲಿಂದ ಎಣ್ಣೆ ಕೊಳವೆಯಲ್ಲಿ ಇಳಿದು ಎಂಜಿನ್ನಿನ ಪಂಪಿಗೆ ಬರುತ್ತದೆ. ಆ ಪಂಪಿನಲ್ಲಿ ಎರಡು ಜೊತೆ ಹಲ್ಲುಚಕ್ರಗಳು. ಒಂದು ಜೊತೆ ಎಣ್ಣೆಯನ್ನು ಕ್ರ್ಯಾಂಕಿನ ಬೇರಿಂಗಿಗೆ ಒತ್ತುತ್ತದೆ. ಕೆಲಸ ಮುಗಿಸಿ ತಳಕ್ಕೆ ಬಿದ್ದ ಎಣ್ಣೆಯನ್ನು ಇನ್ನೊಂದು ಜೊತೆ ಮತ್ತೆ ಟ್ಯಾಂಕಿಗೆ ಏರಿಸುತ್ತದೆ. ಏರಿಸುವ ಜೊತೆಯ ಶಕ್ತಿ ಹೆಚ್ಚು, ಹಾಗಾಗಿ ಗಾಡಿ ಓಡುವಾಗ ತಳ ಖಾಲಿಯಾಗಿಯೇ ಇರಬೇಕು. ಇದಕ್ಕೆ ಡ್ರೈ ಸಂಪ್ ಅಂತ ಹೆಸರು.

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮೇಲೆ ನೀರಿನ ಟ್ಯಾಂಕು, ಕೆಳಗೆ ಸಂಪು, ಮಧ್ಯೆ ಮೋಟಾರು. ಮೋಟಾರು ನಿಂತ ಮೇಲೆ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಮೇಲಿನ ನೀರೆಲ್ಲ ನಿಧಾನಕ್ಕೆ ಕೆಳಗಿಳಿಯುತ್ತೆ ತಾನೆ? ಎಂ20ಯಲ್ಲೂ ಪಂಪಿನಿಂದ ಮುಂದೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗ್ ಇದೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡಕ್ಕೆ ಗುಂಡು ಸರಿಯುತ್ತದೆ, ನಿಂತಾಗ ದಾರಿ ಮುಚ್ಚುತ್ತದೆ. ಗುಂಡು ಕೂರುವ ಜಾಗ ಸವೆದರೆ, ಪಂಪಿನ ಚಕ್ರಗಳ ಸಂದಿ ದೊಡ್ಡದಾದರೆ, ನಿಂತ ಗಾಡಿಯ ಎಣ್ಣೆ ತೊಟ್ಟು ತೊಟ್ಟಾಗಿ ತಳಕ್ಕಿಳಿಯುತ್ತದೆ. ಇದೇ ವೆಟ್ ಸಂಪಿಂಗ್. ನಮ್ಮೂರ ಬೇಸಿಗೆಗೆ ಎಣ್ಣೆ ತೆಳುವಾಗಿ ಇನ್ನೂ ಬೇಗ ಇಳಿಯುತ್ತದೆ.

ಅಪ್ಪ ಬಿದ್ದದ್ದು ಹೇಗೆ ಅಂತ ಈಗ ಗೊತ್ತಾಯಿತು. ಮೊಣಕಾಲು ನೋವು ಅಂತ ಗಾಡಿಯನ್ನು ಮೂರು ವಾರ ತೆಗೆದಿರಲಿಲ್ಲ. ಶನಿವಾರ ಸಂಜೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದಾರೆ, ಎಣ್ಣೆ ತಳ ಕಂಡಿದೆ. ಕಮ್ಮಿಯಾಗಿದೆ ಅಂತ ಒಂದು ಲೀಟರ್ ಸುರಿದಿದ್ದಾರೆ. ಆದರೆ ಎಣ್ಣೆ ಎಲ್ಲೂ ಹೋಗಿರಲಿಲ್ಲ, ಎಂಜಿನ್ ತಳದಲ್ಲೇ ನಿಂತಿತ್ತು. ಬೆಳಿಗ್ಗೆ ಗಾಡಿ ಓಡಿದ ಹಾಗೆ ಪಂಪು ಅದನ್ನು ಮೇಲಕ್ಕೆ ಏರಿಸಿದೆ. ಟ್ಯಾಂಕ್ ತುಂಬಿ, ಉಕ್ಕಿ, ಹಿಂದಿನ ಟೈರಿಗೆ ಇಳಿದಿದೆ.

ನನ್ನ ಐಡಿಯಾ: ಒಂದು ನಲ್ಲಿ

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು. ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೊ ನೋಡಿ ಬೆಳಿಗ್ಗೆ ಹೊತ್ತಿಗೆ ಪರಿಹಾರ ಹುಡುಕಿಬಿಟ್ಟಿದ್ದೆ. ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯ ಮಧ್ಯೆ ಒಂದು ನಲ್ಲಿ ಹಾಕಿದರೆ ಮುಗೀತು. ನಿಲ್ಲಿಸಿದಾಗ ಬಂದ್, ಹೊರಡುವಾಗ ಓಪನ್. ನೂರಾರು ರೂಪಾಯಿಯ ಕೆಲಸ.

ಊರಿನಲ್ಲಿ ಹಳೇ ಗಾಡಿಗಳನ್ನು ಬಲ್ಲ ಒಬ್ಬ ಮೇಸ್ತ್ರಿ ಇದ್ದಾರೆ. ಅವರಿಗೆ ಹೇಳಿದೆ. ಕೈ ಒರೆಸಿಕೊಳ್ಳುತ್ತಾ ಕೇಳಿದರು, "ನಲ್ಲಿ ತಿರುಗಿಸೋದು ಮರೆತ್ರೆ?"

ಮರೆತರೆ ಎಂಜಿನ್ನಿಗೆ ಎಣ್ಣೆಯೇ ಹೋಗಲ್ಲ. ಕೆಲವೇ ನಿಮಿಷದಲ್ಲಿ ಬೇರಿಂಗ್ ಸುಟ್ಟು, ಪಿಸ್ಟನ್ ಕಚ್ಚಿಕೊಂಡು, ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಲಾಕ್ ಆಗಬಹುದು.

ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಈ ಗಾಡಿಯ ಕಿಡಿ ಬರೋದು ಮ್ಯಾಗ್ನೆಟೊದಿಂದ. ನಲ್ಲಿಗೊಂದು ಸ್ವಿಚ್ ಹಾಕಿ, ನಲ್ಲಿ ಬಂದ್ ಆಗಿದ್ದಾಗ ಮ್ಯಾಗ್ನೆಟೊಗೆ ಅರ್ತ್ ಕೊಟ್ಟುಬಿಟ್ಟರೆ ಕಿಡಿಯೇ ಬರಲ್ಲ, ಗಾಡಿ ಸ್ಟಾರ್ಟೇ ಆಗಲ್ಲ. ಮರೆಯೋ ಪ್ರಶ್ನೆಯೇ ಇಲ್ಲ.

ಮೇಸ್ತ್ರಿ ನಕ್ಕರು. "ಆ ಅರ್ತ್ ವೈರ್ ಕಿತ್ತೋದ್ರೆ?"

ನಾನು ಸುಮ್ಮನಾದೆ. ವೈರ್ ತುಂಡಾದರೆ ಅರ್ತ್ ಇಲ್ಲ, ಅರ್ತ್ ಇಲ್ಲದಿದ್ದರೆ ನಲ್ಲಿ ಬಂದ್ ಇದ್ದರೂ ಗಾಡಿ ಜೋರಾಗಿ ಸ್ಟಾರ್ಟ್ ಆಗುತ್ತೆ. ದಿನಾ ಆಫೀಸಿನಲ್ಲಿ ಇಂಥದೇ ಪ್ರಶ್ನೆ ಕೇಳಿ ಸಂಬಳ ತಗೊಳ್ಳೋನು ನಾನು. ಇದನ್ನು ನಾನೇ ಕೇಳಬೇಕಿತ್ತು.

ನಲ್ಲಿ ಬದಲು ಸ್ಪ್ರಿಂಗ್ ಇರುವ ವಾಲ್ವನ್ನೇ ಕೊಳವೆಗೆ ಹಾಕುವುದೂ ಉಂಟು. ಅದೂ ಬೇಡ ಅಂದರು. ಆ ಜಾಗದಲ್ಲಿ ಪಂಪು ಎಣ್ಣೆಯನ್ನು ಒತ್ತುವುದಿಲ್ಲ, ಎಳೆಯಬೇಕು. ಹಳೇ ಪಂಪಿಗೆ ಎಳೆಯುವ ಶಕ್ತಿ ಕಮ್ಮಿ. ವಾಲ್ವ್ ಒಮ್ಮೆ ಅಂಟಿಕೊಂಡರೆ ಕತೆ ಅದೇ.

ಅಲ್ಲೇ ಕೂತಿದ್ದ ಅಪ್ಪ ಆಗ ಮೆಲ್ಲಗೆ ಹೇಳಿದರು, "ನಲ್ಲಿ ಬೇಡ ಕಣೋ. ನಾನು ಈಗ ಮರೀತೀನಿ. ಹೋದ ತಿಂಗಳು ಗ್ಯಾಸ್ ಆನ್ ಮಾಡಿ ಹಾಲು ಇಡೋದೇ ಮರೆತಿದ್ದೆ. ನಿಮ್ಮಮ್ಮ ನಿಂಗೆ ಹೇಳಿಲ್ಲ."

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿ ಅಂದರು, "ಮೇಷ್ಟ್ರೇ, ಮರೆಯೋದು ಎಲ್ಲರಿಗೂ ಐತೆ. ಮರೆತ್ರೆ ಹೊಗೆ ಬರಬೇಕು, ಅಷ್ಟೇ. ಎಂಜಿನ್ ಹೋಗಬಾರದು. ಹಂಗೆ ಮಾಡೋಣ."

ಮೂರು ದಿನದ ಕೆಲಸ

ಎರಡು ದಿನ ರಜೆ ಹಾಕಿ ಅಲ್ಲೇ ಉಳಿದೆ. ಮೊದಲು ಎಂಜಿನ್ ತಳದ ತಟ್ಟೆ ಬಿಚ್ಚಿದೆವು. ನಾಲ್ಕು ನಟ್ಟು, ಒಳಗೆ ಒಂದು ಜಾಲರಿ. ತಟ್ಟೆಯಲ್ಲಿ ಎಣ್ಣೆ ಖಾಲಿ ಮಾಡಲು ಬೇರೆ ಬೋಲ್ಟ್ ಇರಲಿಲ್ಲ, ಆದ್ದರಿಂದ ಯಾರೂ ಅದನ್ನು ವರ್ಷಗಟ್ಟಲೆ ತೆಗೆದೇ ಇರಲಿಲ್ಲ.

ಆಮೇಲೆ ಪಂಪು. ಅದರ ಮುಖಗಳ ಮೇಲೆ ಗೀರುಗಳು. ದಪ್ಪ ಗಾಜಿನ ಮೇಲೆ ನುಣುಪು ಗ್ರೈಂಡಿಂಗ್ ಪೇಸ್ಟ್ ಸವರಿ, ಎಂಟರ ಆಕಾರದಲ್ಲಿ ನಿಧಾನಕ್ಕೆ ಉಜ್ಜಿ ಸಮ ಮಾಡಿದರು. ಒಂದು ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಕೊನೆಗೆ ಸೀಮೆಎಣ್ಣೆಯಲ್ಲಿ ತೊಳೆದು, ಪೇಸ್ಟಿನ ಒಂದು ಕಣವೂ ಉಳಿಯದಂತೆ ನೋಡಿಕೊಂಡರು.

ಮೂರನೆಯದು ಆ ಪುಟ್ಟ ಗುಂಡು. ಅದು ಕೂರುವ ಜಾಗದಲ್ಲಿ ಕಪ್ಪು ಕಲೆ, ಸಣ್ಣ ತಗ್ಗು. ಚೊಕ್ಕಟ ಮಾಡಿ, ಹೊಸ ಗುಂಡು ಇಟ್ಟು, ಹಿತ್ತಾಳೆ ಸರಳಿನಿಂದ ಮೆತ್ತಗೆ ಒಂದೇ ಏಟು. ಗುಂಡಿಗೆ ತಕ್ಕ ಅಚ್ಚು ಬಿತ್ತು. ಆ ಗುಂಡನ್ನು ಬಿಸಾಡಿ ಇನ್ನೊಂದು ಹೊಸ ಗುಂಡು ಹಾಕಿದರು. "ಸ್ಪ್ರಿಂಗ್ ಸ್ವಲ್ಪ ಬಿಗಿಯಾಗಿರೋದು ಹಾಕೋಣ್ವಾ?" ಅಂತ ಕೇಳಿದೆ. ಬೇಡ ಅಂದರು. ಸ್ಪ್ರಿಂಗ್ ಬಿಗಿಯಾದರೆ ನಿಂತಾಗ ಎಣ್ಣೆ ಇಳಿಯಲ್ಲ ನಿಜ, ಆದರೆ ಓಡುವಾಗ ಬೇರಿಂಗಿಗೂ ಕಮ್ಮಿ ಹೋಗುತ್ತೆ. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಅಂಟು ಮೆತ್ತಲೂ ಬಿಡಲಿಲ್ಲ. ಹೆಚ್ಚಾದ ಅಂಟು ಒಳಗೆ ಉದುರಿ ಎಣ್ಣೆಯ ದಾರಿಯನ್ನೇ ಮುಚ್ಚಬಹುದು.

ನಾವು ಹೊಸದಾಗಿ ಸೇರಿಸಿದ್ದು ಒಂದೇ ಒಂದು. ತಳದ ತಟ್ಟೆಗೆ ಲೇತ್ ಅಂಗಡಿಯಲ್ಲಿ ಬ್ರೇಜಿಂಗ್ ಮಾಡಿಸಿ ಒಂದು ಡ್ರೈನ್ ಬೋಲ್ಟ್ ಕೂರಿಸಿದೆವು. ತಾಮ್ರದ ವಾಷರ್, ಬಿಚ್ಚಿಕೊಳ್ಳದಂತೆ ತಂತಿಯ ಬಿಗಿತ. ಗಾಡಿ ತಿಂಗಳುಗಟ್ಟಲೆ ನಿಂತರೆ ತಳದ ಎಣ್ಣೆ ತೆಗೆದು ಸ್ಟಾರ್ಟ್ ಮಾಡಲು ಇದು ಬೇಕು. ಆದರೆ ಅದನ್ನು ಮುಟ್ಟುವುದು ಮೇಸ್ತ್ರಿ ಅಥವಾ ನಾನು ಮಾತ್ರ. ಬೋಲ್ಟ್ ವಾಪಸ್ ಹಾಕಲು ಮರೆತರೆ ಮತ್ತೆ ಅದೇ ಅಪಾಯ ತಾನೆ?

ಅಪ್ಪನಿಗೆ ಒಂದೇ ನಿಯಮ. ಅದನ್ನು ಅವರೇ ತಮ್ಮ ಮುದ್ದಾದ ಬೋರ್ಡ್ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ: "ಮೊದಲು ಸ್ಟಾರ್ಟ್, ಆಮೇಲೆ ಎಣ್ಣೆ." ಗಾಡಿ ಸ್ಟಾರ್ಟ್ ಮಾಡಿ, ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಬೇಕು. ತಳದಲ್ಲಿ ಎಣ್ಣೆ ಇದ್ದರೆ ವಾಪಸ್ ಬರುವ ಧಾರೆ ಗಟ್ಟಿಯಾಗಿರುತ್ತದೆ. ತಳ ಖಾಲಿಯಾದ ಮೇಲೆ ಅದು ಗಾಳಿಗುಳ್ಳೆ ಸೇರಿ ಬಿಟ್ಟು ಬಿಟ್ಟು ಬರುತ್ತದೆ. ಆಮೇಲೆಯೇ ಮಟ್ಟ ನೋಡಬೇಕು. ಮುಚ್ಚಳ ನೋಡಲು ಮರೆತರೂ ಸೈಲೆನ್ಸರಿನಲ್ಲಿ ಸ್ವಲ್ಪ ಹೊಗೆ ಬರುತ್ತೆ, ಬೀದಿಯವರು ಬೈತಾರೆ, ಅಷ್ಟೆ.

ಮೊಳಕಾಲ್ಮೂರಿನ ದಾರಿ

ರಿಪೇರಿಗೆ ಮುಂಚೆ ಹತ್ತು ದಿನ ನಿಂತರೆ ಹತ್ತಿರ ಹತ್ತಿರ ಒಂದು ಲೀಟರ್ ಇಳಿಯುತ್ತಿತ್ತು. ಈಗ ಬಿದಿರಿನ ಕಡ್ಡಿಗೆ ಗುರುತು ಹಾಕಿ ಅಳೆದರೆ ಹತ್ತು ದಿನಕ್ಕೆ ಒಂದು ಬೆರಳಿನಷ್ಟು. ಪೂರ್ತಿ ನಿಂತಿಲ್ಲ, ನಿಲ್ಲುವುದೂ ಇಲ್ಲ. ಎಂಬತ್ತರ ಹತ್ತಿರದ ಎಂಜಿನ್ ಅದು.

ಮುಂದಿನ ತಿಂಗಳು ಅಪ್ಪನ ಹಿಂದೆ ಕೂತು ನಾನೂ ಹೋದೆ. ತಳಕು, ಬಿ.ಜಿ. ಕೆರೆ ದಾಟಿ, ಹಾನಗಲ್ಲಿನಲ್ಲಿ ಮೊಳಕಾಲ್ಮೂರಿನ ಕಡೆ ತಿರುಗಿದೆವು. ಅಪ್ಪ ನಲವತ್ತರ ಮೇಲೆ ಹೋಗಲಿಲ್ಲ. ನಾನು ಮಾತ್ರ ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಟೈರ್ ನೋಡುತ್ತಿದ್ದೆ. ಒಣಗಿತ್ತು.

ಅತ್ತೆ ಕಾಫಿ ಕೊಟ್ಟು ಎಲ್ಲ ಕತೆ ಕೇಳಿದರು. "ಮಗ್ಗನೂ ಅಷ್ಟೇ ಕಣಪ್ಪ. ತಿಂಗಳು ನಿಲ್ಲಿಸಿದ್ರೆ ಹಾಸು ಕೆಡುತ್ತೆ, ಇಲಿ ಕಡಿಯುತ್ತೆ. ನಡೀತಾ ಇದ್ರೆ ಏನೂ ಆಗಲ್ಲ. ನೀನು ಹದಿನೈದು ದಿನಕ್ಕೊಮ್ಮೆ ಬರೋದು ತಪ್ಪಿಸಬೇಡ" ಅಂದರು ತಮ್ಮನಿಗೆ. ಆ ಮಾತಿನಲ್ಲಿ ಗಾಡಿ ಎಷ್ಟು, ತಮ್ಮ ಎಷ್ಟು ಅಂತ ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ

ಹಳೇ ಕಾಸ್ಟ್ ಐರನ್ ಬುಲೆಟ್ಟಿಗೂ ಈ ಕಾಯಿಲೆ ಬರುತ್ತೆ. ಅದೂ ಡ್ರೈ ಸಂಪೇ, ಆದರೆ ಎಣ್ಣೆ ಟ್ಯಾಂಕ್ ಎಂಜಿನ್ನಿನ ಹೊಟ್ಟೆಯಲ್ಲೇ ಇದೆ. ಹೊರಗೆ ಕೊಳವೆ ಇಲ್ಲದ್ದರಿಂದ ನಲ್ಲಿ ಹಾಕುವ ಮಾತೇ ಬರಲ್ಲ, ಪಂಪಿನ ಡಿಸ್ಕ್ ಉಜ್ಜಿಸಬೇಕು, ಸ್ಪ್ರಿಂಗ್ ಬದಲಿಸಬೇಕು. ಬಹಳ ದಿನ ನಿಂತ ಗಾಡಿಯ ಡಿಪ್‌ಸ್ಟಿಕ್ ಕಮ್ಮಿ ತೋರಿಸಿದರೆ ತಕ್ಷಣ ಎಣ್ಣೆ ಸುರಿಯಬೇಡಿ. ಕೆಲವು ನಿಮಿಷ ಓಡಿಸಿ ಆಮೇಲೆ ನೋಡಿ. ಮೈಸೂರಿನ ಜಾವಾ, ಯೆಜ್ಡಿ ಇರುವವರಿಗೆ ಈ ಚಿಂತೆ ಇಲ್ಲ. ಅವು ಟೂ ಸ್ಟ್ರೋಕ್, ಎಂಜಿನ್ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗುತ್ತೆ.

ಕಿಕ್ ಎಂದಿಗಿಂತ ಭಾರವಾದರೆ, ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ತುಂಬಿದರೆ, ತಳದಲ್ಲಿ ಎಣ್ಣೆ ನಿಂತಿರಬಹುದು ಅಂತ ತಿಳೀರಿ. ಬೇರೆ ಏನಾದರೂ ಹೊಸದಾಗಿ ಹಾಕಿಸುವ ಮುಂಚೆ, "ಇದನ್ನ ಮರೆತ್ರೆ ಏನಾಗುತ್ತೆ?" ಅಂತ ಮೇಸ್ತ್ರಿಯನ್ನೂ ನಿಮ್ಮನ್ನೂ ಒಮ್ಮೆ ಕೇಳಿಕೊಳ್ಳಿ.

ಗಾಡಿ ಮಾರುವ ಮಾತು ಈಗ ಮನೆಯಲ್ಲಿ ಯಾರೂ ಎತ್ತಲ್ಲ. ಕತ್ತಲಾದ ಮೇಲೆ ಓಡಿಸಲ್ಲ, ಹೆಲ್ಮೆಟ್ ಇಲ್ಲದೆ ಹತ್ತಲ್ಲ ಅಂತ ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದಾರೆ. ಮೊದಲೆಲ್ಲ ನಾನು ಫೋನ್ ಮಾಡಿದರೆ "ಊಟ ಆಯ್ತಾ" ಅಂತ ಕೇಳಿ ಅಮ್ಮನಿಗೆ ಫೋನ್ ಕೊಡುತ್ತಿದ್ದರು. ಈಗ ಪ್ರತಿ ಶನಿವಾರ ಸಂಜೆ ಅವರೇ ಮಾಡುತ್ತಾರೆ.

"ಎಷ್ಟಿದೆ ಅಪ್ಪಾ ಈ ವಾರ?"

"ಅರ್ಧ ಬೆರಳು ಇಳಿದಿದೆ ಅಷ್ಟೆ. ನಾಳೆ ಬೆಳಿಗ್ಗೆ ಅಕ್ಕನ ಮನೆಗೆ ಹೊರಟೆ."