ಕರ್ನೆಲ್ಲಿನ ಬೀಗಗಳು

ಗಣಕಯಂತ್ರದ ಎಲ್ಲ ಕೆಲಸಗಳ ಮೇಲ್ವಿಚಾರಣೆ ನಡೆಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ತಿರುಳೇ ಕರ್ನೆಲ್. ಸ್ಮೃತಿಯನ್ನು ಹಂಚುವುದು, ಕಡತಗಳನ್ನು ಕಾಯುವುದು, ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ನಿರ್ಧರಿಸುವುದು ಅದರ ಹೊಣೆ.

ಇಂದು ಅಂಗೈಯಲ್ಲಿ ಹಿಡಿಯುವ ಮೊಬೈಲಿನಲ್ಲಿಯೂ ಹಲವು ಸಂಸ್ಕಾರಕಗಳು ಏಕಕಾಲದಲ್ಲಿ ದುಡಿಯುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ. ಒಂದು ಕಡತವನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬ ಎಣಿಕೆ ಕರ್ನೆಲ್ಲಿನಲ್ಲಿ 10 ಎಂದಿದೆಯೆನ್ನೋಣ. ಎರಡು ಸಂಸ್ಕಾರಕಗಳು ಒಂದೇ ಗಳಿಗೆಯಲ್ಲಿ ಆ 10ನ್ನು ಓದಿಕೊಂಡು, ತಾವು ತಾವೇ ಒಂದನ್ನು ಕೂಡಿಸಿ 11 ಎಂದು ಬರೆದರೆ, 12 ಇರಬೇಕಾದೆಡೆ 11 ಉಳಿಯುತ್ತದೆ. ತಪ್ಪಿದ್ದು ಒಂದೇ ಎಣಿಕೆ. ಆದರೆ ಮುಂದೆ ಅದು ಸೊನ್ನೆಗೆ ಇಳಿದಾಗ, ಇನ್ನೂ ಬಳಕೆಯಲ್ಲಿರುವ ಕಡತದ ವಿವರವನ್ನು ಕರ್ನೆಲ್ ಸ್ಮೃತಿಯಿಂದ ತೆಗೆದುಹಾಕೀತು, ಯಂತ್ರವೇ ಕುಸಿದೀತು. ಸಾವಿರ ಸಲ ಸರಿಯಾಗಿ ನಡೆದು ಒಮ್ಮೆ ಮಾತ್ರ ತಲೆದೋರುವ ಇಂಥ ದೋಷವನ್ನು ಪತ್ತೆಹಚ್ಚುವುದು ಬಹು ಕಷ್ಟ.

1960ರ ದಶಕದ ಆರಂಭದಲ್ಲಿ ನೆದರ್ಲೆಂಡಿನ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಇದಕ್ಕೊಂದು ಉಪಾಯವನ್ನು ರೂಪಿಸಿ ‘ಸೆಮಫೋರ್’ ಎಂದು ಕರೆದರು. ರೈಲುದಾರಿಯ ಕೈಮರಕ್ಕೆ ಇರುವ ಹೆಸರೇ ಅದು. ಒಂದೇ ಹಳಿಗೆ ಎರಡು ಗಾಡಿಗಳು ನುಗ್ಗದಂತೆ ಕೈಮರ ತಡೆಯುವ ಹಾಗೆ, ಒಬ್ಬರು ಬಳಸುತ್ತಿರುವ ಮಾಹಿತಿಯನ್ನು ಇನ್ನೊಬ್ಬರು ಮುಟ್ಟದಂತೆ ಈ ಏರ್ಪಾಡು ತಡೆಯುತ್ತದೆ. ಬೀಗ ಎಂಬುದೂ ಇದೇ ಬಗೆಯ ಸಾಧನ.

ಆದರೆ ಬೀಗವೆಂದರೆ ಕಾಯುವಿಕೆ. 1996ರಲ್ಲಿ ಲೈನಕ್ಸ್ ಕರ್ನೆಲ್ಲಿನ 2.0 ಆವೃತ್ತಿಯು ಹಲವು ಸಂಸ್ಕಾರಕಗಳ ಯಂತ್ರಗಳಲ್ಲಿ ನಡೆಯತೊಡಗಿದಾಗ, ಇಡೀ ಕರ್ನೆಲ್ಲಿಗೆ ಒಂದೇ ಹೆಬ್ಬೀಗವಿತ್ತು. ಒಂದು ಕೋಣೆಯಲ್ಲಿ ಕೆಲಸವಿರುವವನು ಹೆಬ್ಬಾಗಿಲಿಗೇ ಅಗುಳಿ ಹಾಕಿಕೊಂಡಂತೆ! ಕ್ರಮೇಣ ಕೋಣೆಗೊಂದು ಬೀಗ ಬಂದಿತು. ಆದರೂ ಹೆಬ್ಬೀಗವನ್ನು ಪೂರ್ತಿಯಾಗಿ ಕಿತ್ತೊಗೆಯಲು 2011ರವರೆಗೆ ಶ್ರಮಿಸಬೇಕಾಯಿತು. ಅದು ಎಲ್ಲೆಲ್ಲಿ ಯಾವ ಮಾಹಿತಿಯನ್ನು ಕಾಯುತ್ತಿದೆಯೆಂದು ಒಂದೊಂದೆಡೆಯನ್ನೂ ಪರಿಶೀಲಿಸದೆ ತೆಗೆಯುವಂತಿರಲಿಲ್ಲ. ಬೀಗಗಳು ಹೆಚ್ಚಿದರೆ ಬೇರೊಂದು ಅಪಾಯವೂ ಉಂಟು: ಒಬ್ಬನು ಮೊದಲ ಬೀಗವನ್ನು ಹಿಡಿದು ಎರಡನೆಯದಕ್ಕೂ, ಇನ್ನೊಬ್ಬನು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೂ ಕಾದು ನಿಂತರೆ ಇಬ್ಬರಿಗೂ ಬಿಡುಗಡೆಯಿಲ್ಲ. ಆದುದರಿಂದ ಎಲ್ಲರೂ ಬೀಗಗಳನ್ನು ಒಂದೇ ಅನುಕ್ರಮದಲ್ಲಿ ಹಿಡಿಯಬೇಕೆಂಬ ನಿಯಮವಿದೆ.

ಓದುವವರು ಬೀಗವನ್ನೇ ಹಿಡಿಯಬೇಕಿಲ್ಲದ ಕ್ರಮವೊಂದು 2002ರಲ್ಲಿ ಲೈನಕ್ಸಿಗೆ ಸೇರಿತು. ಅಮೆರಿಕದ ಪಾಲ್ ಮೆಕೆನ್ನಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ದೀಪಂಕರ್ ಸರ್ಮಾ ಮೊದಲಾದವರು ಇದಕ್ಕಾಗಿ ಶ್ರಮಿಸಿದರು. ಇಲ್ಲಿ ತಿದ್ದುವವನು ಮೂಲವನ್ನು ಮುಟ್ಟುವುದಿಲ್ಲ. ಅದರ ಪ್ರತಿಯೊಂದನ್ನು ಮಾಡಿಕೊಂಡು, ತಿದ್ದಿ, ಮೂಲದ ಜಾಗದಲ್ಲಿ ಇಡುತ್ತಾನೆ. ಅನಂತರ ಬಂದವರು ಹೊಸದನ್ನು ಓದುತ್ತಾರೆ. ಮೊದಲೇ ಓದತೊಡಗಿದ್ದವರು ಹಳೆಯದನ್ನೇ ಓದಿ ಮುಗಿಸುತ್ತಾರೆ. ಅವರಲ್ಲಿ ಕೊನೆಯವನು ಹೊರಬಂದ ಮೇಲೆಯೇ ಹಳೆಯ ಪ್ರತಿಯನ್ನು ಅಳಿಸಲಾಗುತ್ತದೆ. ಪದೇ ಪದೇ ಓದುವ, ಅಪರೂಪಕ್ಕೆ ಬದಲಾಗುವ ಮಾಹಿತಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಕ್ಷಣಕಾಲವೂ ಹಳೆಯ ಮಾಹಿತಿ ಸಲ್ಲದೆಂಬಲ್ಲಿ ಇಂದಿಗೂ ಬೀಗವನ್ನೇ ಬಳಸುತ್ತಾರೆ.