ದೈವಶಾಸ್ತ್ರ ಕೇಳಿದಾಕೆಗೆ ಸಿಕ್ಕಿದ್ದು ತತ್ವಶಾಸ್ತ್ರ: ಎಲೆನಾ ಕೊರ್ನಾರೊ ಪಿಸ್ಕೋಪಿಯಾ

ಡಾಕ್ಟರೇಟ್ ಪಡೆದ ಮಹಿಳೆಯರು ಇಂದು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ, ಧರ್ಮಭಗಿನಿಯರ ಮಠಗಳಲ್ಲೂ ಇದ್ದಾರೆ. ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಉಳಿದಿಲ್ಲ. ಆದರೆ ವಿಶ್ವವಿದ್ಯಾನಿಲಯವೊಂದರಿಂದ ತತ್ವಶಾಸ್ತ್ರದಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೆಸರಿಸುವ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಅವರ ಬಗ್ಗೆ ಕೇಳಿದವರು ನಮ್ಮಲ್ಲಿ ಬಹಳ ಕಡಿಮೆ. ಆಕೆ ಕಥೊಲಿಕಳು, ಬೆನೆಡಿಕ್ಟೀನ್ ಸಭೆಯ ಒಬ್ಲೇಟ್. ಆಕೆಗೆ ಪದವಿ ಕೊಟ್ಟದ್ದು ಒಂದು ಕಥೆಡ್ರಲ್ ಇಗರ್ಜಿಯಲ್ಲಿ. ಆಕೆ ಕೇಳಿದ ಪದವಿಯನ್ನು ನಿರಾಕರಿಸಿದವರು ಮುಂದೆ ಸಂತರೆಂದು ಘೋಷಿಸಲ್ಪಟ್ಟ ಧರ್ಮಾಧ್ಯಕ್ಷರು!

ಎಲೆನಾ ಹುಟ್ಟಿದ್ದು 1646ರ ಜೂನ್ 5ರಂದು, ಇಟಲಿಯ ವೆನಿಸ್ ನಗರದಲ್ಲಿ. ತಂದೆ ಜೊವಾನ್ನಿ ಬಾತ್ತಿಸ್ತಾ ಕೊರ್ನಾರೊ ವೆನಿಸ್ ಗಣರಾಜ್ಯದ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬರು. ತಾಯಿ ಜಾನೆತ್ತಾ ಬೋನಿ ಬಡ ರೈತಾಪಿ ಮನೆತನದವಳು. ಎಲೆನಾ ಹುಟ್ಟುವಾಗ ಅವರಿಬ್ಬರ ಮದುವೆಯಾಗಿರಲಿಲ್ಲ. ಮುಂದೆ ಮದುವೆಯಾದರೂ ಗಂಡುಮಕ್ಕಳನ್ನು ಕುಲೀನರ ಪಟ್ಟಿಗೆ ಸೇರಿಸಲು ತಂದೆ ದೊಡ್ಡ ಮೊತ್ತವನ್ನೇ ತೆರಬೇಕಾಯಿತು. ಮಗಳ ಪಾಂಡಿತ್ಯವನ್ನು ಊರೆಲ್ಲ ಕಾಣುವಂತೆ ಮಾಡುವ ಹಂಬಲ ಆ ತಂದೆಗೆ ಯಾಕೆ ಅಷ್ಟಿತ್ತು ಎಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಮಗುವಿನ ಪ್ರತಿಭೆಯನ್ನು ಮೊದಲು ಗುರುತಿಸಿದವರು ಕುಟುಂಬದ ಸ್ನೇಹಿತರಾಗಿದ್ದ ಒಬ್ಬ ಗುರುಗಳು. ಏಳನೇ ವಯಸ್ಸಿನಿಂದ ಲ್ಯಾಟಿನ್ ಮತ್ತು ಗ್ರೀಕ್ ಪಾಠ ಶುರುವಾಯಿತು. ಆಮೇಲೆ ಹೀಬ್ರೂ, ಸ್ಪ್ಯಾನಿಷ್, ಫ್ರೆಂಚ್, ಅರೇಬಿಕ್. ಮಾತೃಭಾಷೆ ಸೇರಿ ಏಳು ಭಾಷೆ ಬಲ್ಲವಳೆಂದು ಆಕೆಗೆ ಬಿರುದೇ ಬಂತು. ಗಣಿತ, ಖಗೋಳಶಾಸ್ತ್ರ, ಸಂಗೀತವೂ ಕೈವಶ. 1669ರಲ್ಲಿ, ಕಾರ್ಥೂಸಿಯನ್ ಸನ್ಯಾಸಿಯೊಬ್ಬರು ಬರೆದ ಭಕ್ತಿಗ್ರಂಥವನ್ನು ಸ್ಪ್ಯಾನಿಷ್‌ನಿಂದ ಇಟಾಲಿಯನ್ ಭಾಷೆಗೆ ತಂದು ಪ್ರಕಟಿಸಿದಳು.

ಆದರೆ ಆಕೆಯ ಮನಸ್ಸು ಇದ್ದದ್ದು ಬೇರೆ ಕಡೆ. ಸನ್ಯಾಸಿನಿಯರ ಮಠ ಸೇರಬೇಕೆಂಬುದು ಆಸೆ. ತಂದೆಗೆ ಅದು ಒಪ್ಪಿಗೆಯಿಲ್ಲ. ಬಂದ ಮದುವೆಯ ಪ್ರಸ್ತಾಪಗಳನ್ನು ಆಕೆ ತಿರಸ್ಕರಿಸಿದಳು. ಕೊನೆಗೆ 1665ರಲ್ಲಿ ಬೆನೆಡಿಕ್ಟೀನ್ ಒಬ್ಲೇಟ್ ಆದಳು. ಒಬ್ಲೇಟ್ ಎಂದರೆ ಮಠದ ಹೊರಗೆ, ತನ್ನ ಮನೆಯಲ್ಲೇ ಇದ್ದು, ಸಂತ ಬೆನೆಡಿಕ್ಟರ ನಿಯಮದಂತೆ ಬದುಕುವವರು. ಹೊರಗೆ ಶ್ರೀಮಂತರ ಮನೆಯ ಉಡುಪು, ಅದರ ಒಳಗೆ ಬೆನೆಡಿಕ್ಟೀನ್ ವಸ್ತ್ರ. ತಂದೆಯ ಮಾತಿಗೆ ಬಾಗಿ ವಿದ್ವಾಂಸರ ಸಭೆಗಳಲ್ಲಿ ವಾದ ಮಂಡಿಸುತ್ತಿದ್ದವಳ ಬದುಕು ಹೀಗೆ ಎರಡು ಪದರಗಳಲ್ಲಿ ಸಾಗಿತ್ತು.

ಪಾದುವಾ ವಿಶ್ವವಿದ್ಯಾನಿಲಯದ ದೈವಶಾಸ್ತ್ರ ಪ್ರಾಧ್ಯಾಪಕ ಫೆಲಿಚೆ ರೊತೊಂದಿ ಆಕೆಯ ಗುರುಗಳಲ್ಲಿ ಒಬ್ಬರು. ಆಕೆಗೆ ದೈವಶಾಸ್ತ್ರದಲ್ಲೇ ಡಾಕ್ಟರೇಟ್ ನೀಡಬೇಕೆಂದು ಅವರು ವಿಶ್ವವಿದ್ಯಾನಿಲಯವನ್ನು ಕೇಳಿಕೊಂಡರು. ಅದಕ್ಕೆ ಅಡ್ಡ ಬಂದವರು ಪಾದುವಾದ ಧರ್ಮಾಧ್ಯಕ್ಷ, ಕಾರ್ಡಿನಲ್ ಗ್ರೆಗೋರಿಯೊ ಬಾರ್ಬರಿಗೋ. ವಿಶ್ವವಿದ್ಯಾನಿಲಯದ ಕುಲಪತಿಯ ಅಧಿಕಾರವೂ ಅವರದೇ. ಲ್ಯಾಟಿನ್ ಭಾಷೆಯಲ್ಲಿ 'ದೊಕ್ತೋರ್' ಎಂದರೆ ಬೋಧಕ. ದೈವಶಾಸ್ತ್ರದ ಡಾಕ್ಟರ್ ಎಂದರೆ ಧರ್ಮಸಭೆಯಲ್ಲಿ ಬೋಧಿಸುವ ಅರ್ಹತೆ ಉಳ್ಳವರು. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಸಂತ ಪೌಲರ ಪತ್ರದ ಮಾತನ್ನು ಆ ಕಾಲದವರು ಅಕ್ಷರಶಃ ಓದುತ್ತಿದ್ದರು. ಹಾಗಾಗಿ ಹೆಣ್ಣಿಗೆ ಆ ಪದವಿ ಸಲ್ಲದು ಎಂಬುದು ಕಾರ್ಡಿನಲರ ಖಚಿತ ನಿಲುವಾಗಿತ್ತು.

ಬಾರ್ಬರಿಗೋ ಸಾಮಾನ್ಯರಲ್ಲ. ಸೆಮಿನರಿಯ ಶಿಕ್ಷಣಕ್ಕೂ ಮಕ್ಕಳ ಧರ್ಮೋಪದೇಶಕ್ಕೂ ಅವರು ಸಲ್ಲಿಸಿದ ಸೇವೆ ದೊಡ್ಡದು. 1960ರಲ್ಲಿ ಪೋಪ್ 23ನೇ ಜಾನ್ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಆದರೂ ಈ ಒಂದು ವಿಷಯದಲ್ಲಿ ಅವರು ತಮ್ಮ ಕಾಲವನ್ನು ದಾಟಲಿಲ್ಲ ಎಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಸಂತರ ಜೀವನಚರಿತ್ರೆಯಲ್ಲಿ ಇಂಥ ಪುಟಗಳನ್ನು ಹಾರಿಸಿ ಓದುವ ಅಭ್ಯಾಸ ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇದೆ.

ಕೊನೆಗೆ ರಾಜಿಯಾಯಿತು. ದೈವಶಾಸ್ತ್ರ ಬೇಡ, ತತ್ವಶಾಸ್ತ್ರ ಆಗಬಹುದು! 1678ರ ಜೂನ್ 25ರಂದು ಪರೀಕ್ಷೆ. ನೋಡಲು ಬಂದ ಜನರಿಗೆ ವಿಶ್ವವಿದ್ಯಾನಿಲಯದ ಸಭಾಂಗಣ ಸಾಲದೆ ಕಾರ್ಯಕ್ರಮವನ್ನು ಕಥೆಡ್ರಲಿಗೆ ವರ್ಗಾಯಿಸಲಾಯಿತು. 32 ವರ್ಷದ ಎಲೆನಾ ಅರಿಸ್ಟಾಟಲನ ಗ್ರಂಥಗಳಿಂದ ಆರಿಸಿಕೊಟ್ಟ ಭಾಗಗಳನ್ನು ಲ್ಯಾಟಿನ್ ಭಾಷೆಯಲ್ಲಿ ವಿವರಿಸಿದಳು. ಪರೀಕ್ಷಕರು ಮೆಚ್ಚಿದರು. ತಲೆಗೆ ಲಾರೆಲ್ ಎಲೆಗಳ ಕಿರೀಟ, ಬೆರಳಿಗೆ ಉಂಗುರ, ಕೈಗೆ ಪುಸ್ತಕ, ಹೆಗಲಿಗೆ ತುಪ್ಪಳದ ಮೇಲುವಸ್ತ್ರ. ಗಂಡಸರಿಗೆ ಸಲ್ಲುತ್ತಿದ್ದ ಮರ್ಯಾದೆಯೆಲ್ಲ ಆಕೆಗೂ ಸಂದಿತು.

ಹಾಗಂತ ಬಾಗಿಲು ತೆರೆದೇ ಉಳಿಯಲಿಲ್ಲ. ಅದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಪಾತೆನ್ ಅವರ ಮಗಳು ಪದವಿ ಬಯಸಿದಾಗ ಪಾದುವಾ ಒಪ್ಪಲಿಲ್ಲ. ಮುಂದೆ 1732ರಲ್ಲಿ ಲಾರಾ ಬಾಸ್ಸಿ ಡಾಕ್ಟರೇಟ್ ಪಡೆದದ್ದು ಬೊಲೋನ್ಯಾದಲ್ಲಿ. ಮಹಿಳೆಯೊಬ್ಬರನ್ನು ಧರ್ಮಸಭೆಯೇ ತನ್ನ 'ಡಾಕ್ಟರ್' ಎಂದು ಕರೆದದ್ದು 1970ರಲ್ಲಿ. ಆ ವರ್ಷ ಪೋಪ್ 6ನೇ ಪೌಲ್ ಮೊದಲು ಆವಿಲಾದ ಸಂತ ತೆರೇಸಾ, ಕೆಲವೇ ದಿನಗಳಲ್ಲಿ ಸಿಯೆನಾದ ಸಂತ ಕ್ಯಾಥರೀನ್ ಅವರಿಗೆ ಈ ಗೌರವ ನೀಡಿದರು. ಪಾದುವಾದ ಆ ಜೂನ್ ದಿನದಿಂದ ಲೆಕ್ಕ ಹಾಕಿದರೆ 292 ವರ್ಷ!

ಪದವಿಯ ಬಳಿಕ ಎಲೆನಾ ಹೆಚ್ಚು ಕಾಲ ಬದುಕಲಿಲ್ಲ. ಅಧ್ಯಯನ, ಪ್ರಾರ್ಥನೆ, ಬಡವರ ಸೇವೆಯಲ್ಲಿ ಉಳಿದ ವರ್ಷಗಳನ್ನು ಕಳೆದು 1684ರ ಜುಲೈ 26ರಂದು, 38ನೇ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಬರಹಗಳು 1688ರಲ್ಲಿ ಪಾರ್ಮಾದಲ್ಲಿ ಅಚ್ಚಾದವು. ಸಮಾಧಿಯಾದದ್ದು ಪಾದುವಾದ ಬೆನೆಡಿಕ್ಟೀನ್ ಮಠದ ಸಂತ ಜುಸ್ತೀನಾ ಇಗರ್ಜಿಯಲ್ಲಿ. 1895ರಲ್ಲಿ ರೋಮಿನ ಇಂಗ್ಲಿಷ್ ಬೆನೆಡಿಕ್ಟೀನ್ ಧರ್ಮಭಗಿನಿಯರ ಮಠಾಧ್ಯಕ್ಷೆ ಮೆಟಿಲ್ಡಾ ಪಿನ್ಸೆಂಟ್ ಆ ಸಮಾಧಿಯನ್ನು ತೆರೆಸಿ, ಅವಶೇಷಗಳನ್ನು ಹೊಸ ಪೆಟ್ಟಿಗೆಯಲ್ಲಿರಿಸಿ, ಆಕೆಯ ನೆನಪಿಗೆ ಒಂದು ಶಿಲಾಫಲಕವನ್ನು ಹಾಕಿಸಿದರು.